ಚೆಂಡಿಗಾಗಿ ಕಾಯದ ಫುಲ್ ಬ್ಯಾಕ್

ಐರ್ಲೆಂಡಿನ ಕ್ಲೇರ್ ಕೌಂಟಿಯ ಬಣ್ಣ ಹಳದಿ, ನೀಲಿ. ಆದರೆ 1990ರ ದಶಕದ ಕ್ಲೇರ್ ಹರ್ಲಿಂಗ್ (ಕೋಲು, ಚೆಂಡಿನ ಐರಿಷ್ ಆಟ) ತಂಡದ ಯಾವ ಹಳೇ ವಿಡಿಯೋ ಹಾಕಿದರೂ ಮೊದಲು ಕಣ್ಣಿಗೆ ಬೀಳುವುದು ಒಂದು ಕೆಂಪು ಹೆಲ್ಮೆಟ್. ಅದು ಇರುವುದು ತನ್ನದೇ ಗೋಲಿನ ಮುಂದೆ. ಮೈದಾನದ ಆ ತುದಿಯಿಂದ ಯಾರೋ ಚೆಂಡನ್ನು ಎತ್ತಿ ಹೊಡೆಯುತ್ತಾರೆ. ಎದುರಾಳಿ ಫಾರ್ವರ್ಡ್ ಇನ್ನೂ ಕತ್ತೆತ್ತಿ ನೋಡುತ್ತಿರುತ್ತಾನೆ. ಅಷ್ಟರಲ್ಲಿ ಕೆಂಪು ಹೆಲ್ಮೆಟ್ ಓಟ ಕಿತ್ತಿರುತ್ತದೆ. ಹಿಂದಕ್ಕಲ್ಲ, ಮುಂದಕ್ಕೆ.

ಅವರು ಬ್ರಯನ್ ಲೋಹನ್. ಹುಟ್ಟಿದ್ದು 1971ರಲ್ಲಿ. ಕ್ಲಬ್ಬು ಶ್ಯಾನನ್ ಊರಿನ ವುಲ್ಫ್ ಟೋನ್ಸ್. ಬೆನ್ನ ಮೇಲೆ 3ನೇ ನಂಬರ್. 1990ರ ದಶಕದ ಶುರುವಿನಲ್ಲಿ ಕ್ಲೇರ್ ತಂಡಕ್ಕೆ ಬಂದವರು 2006ರವರೆಗೆ ಆಡಿದರು. ಎರಡು ಆಲ್ ಐರ್ಲೆಂಡ್ (ಇಡೀ ದೇಶದ ಚಾಂಪಿಯನ್‌ಷಿಪ್) ಪದಕ, ನಾಲ್ಕು ಆಲ್ ಸ್ಟಾರ್ (ವರ್ಷದ ಅತ್ಯುತ್ತಮ 15 ಜನರಲ್ಲಿ ಒಬ್ಬ) ಪ್ರಶಸ್ತಿ, 1995ರಲ್ಲಿ ವರ್ಷದ ಅತ್ಯುತ್ತಮ ಹರ್ಲರ್ ಅನ್ನುವ ಗೌರವ. ಇಷ್ಟು ಎಲ್ಲಿ ಹುಡುಕಿದರೂ ಸಿಗುತ್ತದೆ. ನಾನು ಬರೆಯಲು ಕೂತಿದ್ದು ಆ ಓಟದ ಬಗ್ಗೆ. ಗೋಲ್ ಕಾಯಬೇಕಾದ ಒಬ್ಬ ಮನುಷ್ಯ ಗೋಲ್ ಬಿಟ್ಟು ಮುಂದಕ್ಕೆ ಯಾಕೆ ಓಡುತ್ತಾನೆ ಅನ್ನುವುದರ ಬಗ್ಗೆ.

ಶ್ಯಾನನ್‌ಗೆ ಕೆಲಸಕ್ಕೆ ಬಂದ ಮೇಲೆ ನನಗೆ ಈ ಆಟದ ಹುಚ್ಚು ಹತ್ತಿತು. ಇಲ್ಲಿ ಬೇಸಿಗೆ ಬಂದರೆ ಊಟದ ಹೊತ್ತಿನ ಮಾತೆಲ್ಲ ಹರ್ಲಿಂಗ್. ಈಗಿನ ಆಟಗಾರರ ಬಗ್ಗೆ ಶುರುವಾದ ಮಾತು ಹೇಗೋ ಸುತ್ತಿಕೊಂಡು 1995ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಲೋಹನ್‌ಗೆ. ಯಾರ ಬಗ್ಗೆ ಇಷ್ಟೊಂದು ಮಾತಾಡುತ್ತಾರೆ ಅಂತ ನಾನೂ ಹಳೇ ಪಂದ್ಯಗಳನ್ನು ನೋಡತೊಡಗಿದೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಒಂದೊಂದು ತಂಡಕ್ಕೆ 15 ಜನ. ಕೈಯಲ್ಲಿ ಆಶ್ ಮರದ ಕೋಲು, ತುದಿಯಲ್ಲಿ ಅಗಲ. ಅದಕ್ಕೆ ಹರ್ಲಿ ಅನ್ನುತ್ತಾರೆ. ಚೆಂಡು ಚಿಕ್ಕದು, ಗಟ್ಟಿ, ಚರ್ಮದ್ದು, ಹೆಸರು ಸ್ಲಿತರ್. ಎರಡು ಎತ್ತರದ ಕಂಬ, ನಡುವೆ ಅಡ್ಡಪಟ್ಟಿ. ಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟ್. ಕೆಳಗೆ ಬಲೆಯೊಳಗೆ ಬಿದ್ದರೆ ಗೋಲ್, ಅದು ಮೂರು ಪಾಯಿಂಟಿಗೆ ಸಮ. ಸ್ಕೋರನ್ನು 1-13 ಅಂತ ಬರೆದಿದ್ದರೆ ಒಂದು ಗೋಲ್, 13 ಪಾಯಿಂಟ್, ಒಟ್ಟು 16 ಅಂತ ಅರ್ಥ. ಕೌಂಟಿ ಪಂದ್ಯ 70 ನಿಮಿಷ. ಆಡುವವರಿಗೆ ಸಂಬಳ ಇಲ್ಲ. ಭಾನುವಾರ ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಹತ್ತಾರು ಸಾವಿರ ಜನರ ಮುಂದೆ ಆಡಿದವನು ವಾರದ ದಿನಗಳಲ್ಲಿ ಎಲ್ಲರಂತೆ ಕೆಲಸಕ್ಕೆ ಹೋಗುತ್ತಾನೆ. ಕೌಂಟಿ ಬದಲಿಸುವುದೂ ಅಪರೂಪ. ಹುಟ್ಟಿದ, ಬೆಳೆದ ಕೌಂಟಿಗೆ ಆಡುತ್ತಾರೆ. ಸೋತರೆ ಅದೇ ಊರಲ್ಲಿ ಓಡಾಡಿಕೊಂಡು ಇರಬೇಕು.

ಫುಲ್ ಬ್ಯಾಕ್ ಅಂದರೆ ಗೋಲ್‌ಕೀಪರ್ ಮುಂದಿನ ಮೂವರಲ್ಲಿ ನಡುವಿನವನು. ಹಳೇ ಪದ್ಧತಿಯಲ್ಲಿ ಅವನ ಕೆಲಸ ತಡೆಯುವುದು. ದಪ್ಪ ಮೈ, ಗಟ್ಟಿ ಭುಜ. ಎದುರಾಳಿ ಫುಲ್ ಫಾರ್ವರ್ಡಿನ ಬೆನ್ನಿಗೆ ಅಂಟಿಕೊಂಡು ನಿಲ್ಲಬೇಕು, ಅವನು ತಿರುಗದ ಹಾಗೆ ನೋಡಿಕೊಳ್ಳಬೇಕು, ಅವನ ಕೈಗೆ ಚೆಂಡು ಸಿಕ್ಕರೆ ಹೇಗಾದರೂ ಕೆಡಿಸಬೇಕು. ತಾನು ಚೆಂಡು ಹಿಡಿಯದಿದ್ದರೂ ಪರವಾಗಿಲ್ಲ, ಅವನು ಹಿಡಿಯಬಾರದು. ಇದಕ್ಕೆ ಕಾರಣ ಭಯ. ಫುಲ್ ಬ್ಯಾಕ್ ಚೆಂಡಿಗಾಗಿ ಮುಂದೆ ಓಡಿ ಅದು ತಪ್ಪಿತು ಅಂತಿಟ್ಟುಕೊಳ್ಳಿ. ಹಿಂದೆ ಉಳಿಯುವುದು ಫಾರ್ವರ್ಡ್ ಮತ್ತು ಗೋಲ್‌ಕೀಪರ್, ಇಬ್ಬರೇ. ಅಲ್ಲಿಗೆ ಮುಗಿಯಿತು. ಹಾಗಾಗಿ ಫುಲ್ ಬ್ಯಾಕ್‌ಗೆ ಚಿಕ್ಕಂದಿನಿಂದ ಹೇಳಿಕೊಡುವುದೇ ಹಿಂದೆ ಇರು, ದುಡುಕಬೇಡ ಅಂತ.

ಲೋಹನ್ ಮುಂದೆ ಹೋಗುತ್ತಿದ್ದರು. ಫಾರ್ವರ್ಡಿನ ಹಿಂದೆ ಅಲ್ಲ, ಪಕ್ಕಕ್ಕೆ ನಿಂತು, ಚೆಂಡು ಹೊರಟ ಕ್ಷಣವೇ ಅವನಿಗಿಂತ ಮೊದಲು ಹೆಜ್ಜೆ ಕೀಳುತ್ತಿದ್ದರು. ಚೆಂಡನ್ನು ತನ್ನದು ಮಾಡಿಕೊಂಡ ಮೇಲೆ ನಿಲ್ಲುತ್ತಲೂ ಇರಲಿಲ್ಲ. ಮೈಮೇಲೆ ಒಬ್ಬನೋ ಇಬ್ಬರೋ ಜೋತುಬಿದ್ದಿದ್ದರೂ ಹಾಗೇ ನುಗ್ಗಿ ಹೊರಬಂದು ಉದ್ದಕ್ಕೆ ಹೊಡೆಯುತ್ತಿದ್ದರು. ಈ ನುಗ್ಗಾಟ ನೋಡಿ ಗ್ಯಾಲರಿ ಎದ್ದು ನಿಲ್ಲುತ್ತಿತ್ತು. ಒಬ್ಬ ಡಿಫೆಂಡರ್ ಚೆಂಡು ಹಿಡಿದು ಹೊರಬಂದಿದ್ದಕ್ಕೆ ಗೋಲ್ ಹೊಡೆದಷ್ಟು ಗದ್ದಲ! ಮೊದಲ ಸಲ ನೋಡಿದಾಗ ಇದು ಬರೀ ಧೈರ್ಯ ಅನ್ನಿಸುತ್ತದೆ. ಎರಡು ಮೂರು ಪಂದ್ಯ ನೋಡಿದ ಮೇಲೆ ಅವರ ಕಾಲುಗಳನ್ನು ನೋಡತೊಡಗುತ್ತೀರಿ. ಚೆಂಡು ಇನ್ನೂ 60 ಮೀಟರ್ ದೂರ ಇರುವಾಗಲೇ ಕಾಲು ತಯಾರಾಗಿರುತ್ತದೆ. ಹೊಡೆಯುವವನ ಭುಜ ಯಾವ ಕಡೆ ತಿರುಗಿದೆ, ಕೋಲು ಎಷ್ಟು ಹಿಂದಕ್ಕೆ ಹೋಗಿದೆ, ಗಾಳಿ ಎತ್ತ ಬೀಸುತ್ತಿದೆ, ಇದನ್ನೆಲ್ಲ ಓದಿಯೇ ಓಡುತ್ತಿದ್ದರು. ದುಡುಕು ಅದರಲ್ಲಿ ತುಂಬಾ ಕಡಿಮೆ.

ಇನ್ನೊಂದು ಮಾತು. ಇದು ಒಬ್ಬನ ಧೈರ್ಯದಿಂದ ಆಗುವ ಕೆಲಸ ಅಲ್ಲ. ಅವರು ಮುಂದೆ ಹೋದಾಗ ಜಾಗ ತುಂಬುವವರು ಬೇಕು. ಒಂದು ಮೂಲೆಯಲ್ಲಿ ತಮ್ಮ ಫ್ರಾಂಕ್ ಲೋಹನ್, ಇನ್ನೊಂದು ಮೂಲೆಯಲ್ಲಿ ಮೈಕಲ್ ಒಹ್ಯಾಲರನ್. ಗೋಲಿನಲ್ಲಿ ಡೇವಿ ಫಿಟ್ಜ್‌ಜೆರಾಲ್ಡ್. ಮುಂದಿನ ಸಾಲಿನಲ್ಲಿ ಲಿಯಮ್ ಡಾಯ್ಲ್, ಶಾನಿ ಮೆಕ್‌ಮಾನ್, ನಾಯಕ ಆಂಥನಿ ಡೇಲಿ. ಈ ಏಳು ಹೆಸರನ್ನು ಕ್ಲೇರ್‌ನಲ್ಲಿ ನಲವತ್ತು ದಾಟಿದ ಯಾರನ್ನು ಕೇಳಿದರೂ ಒಂದೇ ಉಸಿರಿಗೆ ಹೇಳುತ್ತಾರೆ. ಫ್ರಾಂಕ್ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ ಅನ್ನುವುದು ನನ್ನ ತಕರಾರು. ಅಣ್ಣ ಮುಂದೆ ಓಡಿದಾಗಲೆಲ್ಲ ತಮ್ಮ ಎರಡು ಹೆಜ್ಜೆ ಒಳಕ್ಕೆ ಸರಿಯುತ್ತಾನೆ, ಗಮನಿಸಿ. ಒಂದೇ ಮನೆಯಲ್ಲಿ ಬೆಳೆದವರು, ಯಾವಾಗ ಸರಿಯಬೇಕು ಅಂತ ಕೂಗಿ ಹೇಳಬೇಕಾಗಿಲ್ಲ.

ಈಗ ಕ್ಲೇರ್ ಕಥೆಗೆ ಬರೋಣ. ಅದು ಗೊತ್ತಿಲ್ಲದಿದ್ದರೆ ಈ ಓಟಕ್ಕೆ ಜನ ಯಾಕಷ್ಟು ಕುಣಿದರು ಅಂತ ತಿಳಿಯುವುದಿಲ್ಲ.

ಕ್ಲೇರ್ ಐರ್ಲೆಂಡಿನ ಪಶ್ಚಿಮ ಕಡಲ ಪಕ್ಕದ ಕೌಂಟಿ. ಹರ್ಲಿಂಗ್ ಅಲ್ಲಿ ಉಸಿರು. ಆದರೆ 1995ರವರೆಗೆ ಗೆಲುವು ಮಾತ್ರ ಇರಲಿಲ್ಲ. ಆಲ್ ಐರ್ಲೆಂಡ್ ಗೆದ್ದಿದ್ದು ಒಂದೇ ಸಲ, 1914ರಲ್ಲಿ. ಅವರ ಪ್ರಾಂತ್ಯ ಮನ್‌ಸ್ಟರ್. ಅದರ ಕಪ್ ಕೊನೆಯ ಸಲ ಬಂದಿದ್ದು 1932ರಲ್ಲಿ. ಅದೇ ಪ್ರಾಂತ್ಯದಲ್ಲಿ ಕಾರ್ಕ್, ಟಿಪರೇರಿ, ಲಿಮರಿಕ್. ವರ್ಷ ವರ್ಷ ಅವರಲ್ಲೇ ಯಾರೋ ಗೆಲ್ಲುತ್ತಾರೆ, ಕ್ಲೇರ್ ಜನ ಬಾವುಟ ಮಡಚಿಕೊಂಡು ಮನೆಗೆ ಬರುತ್ತಾರೆ. 1977, 1978ರಲ್ಲಿ ಒಳ್ಳೆ ತಂಡ ಇತ್ತು. ಎರಡೂ ವರ್ಷ ಮನ್‌ಸ್ಟರ್ ಫೈನಲ್‌ನಲ್ಲಿ ಕಾರ್ಕ್ ಎದುರು ಸೋತರು.

ಇಷ್ಟು ಸೋತರೆ ಕಾರಣಕ್ಕೆ ಒಂದು ಶಾಪ ಬೇಕಾಗುತ್ತದೆ, ಅಲ್ವಾ? ಕ್ಲೇರ್‌ಗೂ ಒಂದಿತ್ತು. 19ನೇ ಶತಮಾನದಲ್ಲಿ ಬಿಡ್ಡಿ ಅರ್ಲಿ ಅನ್ನುವ ನಾಟಿ ವೈದ್ಯೆ ಫೀಕಲ್ ಕಡೆ ಇದ್ದಳು. ಅವಳೇ ಕ್ಲೇರ್ ಹರ್ಲರ್‌ಗಳಿಗೆ ಶಾಪ ಹಾಕಿದ್ದು ಅಂತ ಜನ ಹೇಳುತ್ತಿದ್ದರು. ಅವಳು ತೀರಿಕೊಂಡಿದ್ದು 1874ರಲ್ಲಿ. ಈ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದ್ದೇ 1884ರಲ್ಲಿ, ಹತ್ತು ವರ್ಷ ಆದ ಮೇಲೆ. ಲೆಕ್ಕ ಕೂಡುವುದಿಲ್ಲ. ಆದರೂ ಜನ ನಂಬಿದರು, ಅಥವಾ ನಂಬಿದ ಹಾಗೆ ಮಾತಾಡಿದರು. ಸೋಲು ತಮ್ಮ ಕೈಯಲ್ಲಿಲ್ಲ ಅಂದುಕೊಂಡರೆ ಸ್ವಲ್ಪ ಹಗುರ ಆಗುತ್ತದೆ.

ಲೋಹನ್ ತಂಡಕ್ಕೆ ಬಂದ ಕಾಲದಲ್ಲೂ ಇದೇ ಕಥೆ. 1993ರ ಮನ್‌ಸ್ಟರ್ ಫೈನಲ್‌ನಲ್ಲಿ ಟಿಪರೇರಿ 18 ಪಾಯಿಂಟ್ ಅಂತರದಲ್ಲಿ ಹೊಡೆದು ಹಾಕಿತು. 1994ರಲ್ಲಿ ಲಿಮರಿಕ್ 9 ಪಾಯಿಂಟ್ ಅಂತರದಲ್ಲಿ. ಆ ವರ್ಷದ ಕೊನೆಗೆ ಗೆರ್ ಲಾಕ್‌ನೇನ್ ಮ್ಯಾನೇಜರ್ ಆದರು. ಅವರೂ ಫೀಕಲ್ ಊರಿನವರೇ. 70ರ ದಶಕದ ಆ ಸೋತ ಫೈನಲ್‌ಗಳಲ್ಲಿ ಹಾಫ್ ಬ್ಯಾಕ್ ಆಗಿ ಆಡಿದವರು. ಸೋಲಿನ ರುಚಿ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಲಾಕ್‌ನೇನ್ ಜೊತೆ ಮೈಕ್ ಮೆಕ್‌ನಮಾರಾ ಮತ್ತು ಟೋನಿ ಕನ್ಸಿಡೀನ್ ಇದ್ದರು. ದೇಹ ಹುರಿಗೊಳಿಸುವ ಕೆಲಸ ಮೆಕ್‌ನಮಾರಾ ಅವರದು. ಚಳಿಗಾಲದ ರಾತ್ರಿಗಳಲ್ಲಿ ಕ್ರಷೀನ್ ಮೈದಾನದ ಕೆಸರಿನಲ್ಲಿ ಓಡಿಸಿದರು. ಶ್ಯಾನನ್‌ನಲ್ಲಿ ಒಂದು ಗುಡ್ಡ ಇದೆ, ಅದರ ಮೇಲೆ ಹತ್ತಿಸಿ ಇಳಿಸಿ ಮತ್ತೆ ಹತ್ತಿಸಿದರು. ಐರ್ಲೆಂಡಿನ ಚಳಿಗಾಲ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಂಜೆ ನಾಲ್ಕೂವರೆಗೆ ಕತ್ತಲೆ, ಮೇಲಿಂದ ನಿಲ್ಲದ ಮಳೆ, ಕಡಲ ಕಡೆಯಿಂದ ಗಾಳಿ. ದಿನವಿಡೀ ಕೆಲಸ ಮಾಡಿ, ಕಾರು ಓಡಿಸಿಕೊಂಡು ಬಂದು, ಆ ಕತ್ತಲಲ್ಲಿ ಗುಡ್ಡ ಹತ್ತುವುದು. ಅದೂ ಸಂಬಳ ಇಲ್ಲದೆ, ಗೆಲ್ಲುತ್ತೇವೆ ಅನ್ನುವ ಗ್ಯಾರಂಟಿ ಇಲ್ಲದೆ. ನಾನು ಆ ಗುಡ್ಡದ ಕಡೆ ನಡೆಯಲು ಹೋಗುತ್ತೇನೆ. ನಡೆದರೇ ತೊಡೆ ಹಿಡಿಯುತ್ತದೆ.

ಶ್ಯಾನನ್ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಐರ್ಲೆಂಡಿನ ಊರುಗಳೆಲ್ಲ ಹಳೆಯವು. ಇದು ಮಾತ್ರ ಹೊಸದು. ಮೊದಲು ಬಂದಿದ್ದು ವಿಮಾನ ನಿಲ್ದಾಣ. ಅಟ್ಲಾಂಟಿಕ್ ದಾಟುವ ವಿಮಾನಗಳು ಎಣ್ಣೆ ತುಂಬಿಸಿಕೊಳ್ಳಲು ಇಲ್ಲಿ ಇಳಿಯುತ್ತಿದ್ದವು. 1959ರಲ್ಲಿ ಪಕ್ಕದಲ್ಲೇ ಸುಂಕ ಇಲ್ಲದ ಕೈಗಾರಿಕಾ ವಲಯ ಶುರುವಾಯಿತು, 60ರ ದಶಕದಲ್ಲಿ ಕೆಲಸಗಾರರಿಗೆ ಅಂತ ಊರು ಕಟ್ಟಿದರು. ಎಲ್ಲೆಲ್ಲಿಂದಲೋ ಜನ ಬಂದರು. ಲೋಹನ್ ಅವರ ತಂದೆ ಗಸ್ ಲೋಹನ್ ಮೂಲತಃ ಪಕ್ಕದ ಗಾಲ್ವೇ ಪರ ಆಡಿದ ಹರ್ಲರ್. ಅಂಥ ಊರಿಗೆ ಅಜ್ಜನ ಕಾಲದ ಕ್ಲಬ್ ಎಲ್ಲಿಂದ ಬರಬೇಕು? ವುಲ್ಫ್ ಟೋನ್ಸ್ ಹುಟ್ಟಿದ್ದೇ 1967ರಲ್ಲಿ. ಮೂವತ್ತು ವರ್ಷ ತುಂಬುವ ಮೊದಲೇ, 1996ರಲ್ಲಿ, ಆ ಕ್ಲಬ್ ಕ್ಲೇರ್ ಚಾಂಪಿಯನ್ ಆಯಿತು, ಮನ್‌ಸ್ಟರ್ ಕ್ಲಬ್ ಕಪ್ಪನ್ನೂ ಗೆದ್ದಿತು. 1997ರ ಮಾರ್ಚ್‌ನಲ್ಲಿ ಆಲ್ ಐರ್ಲೆಂಡ್ ಕ್ಲಬ್ ಫೈನಲ್‌ನಲ್ಲಿ ಗಾಲ್ವೇಯ ಅಥೆನ್‌ರೈ ಎದುರು 1-8ಕ್ಕೆ 0-14ರಿಂದ ಸೋತಿತು. ಹಳೇ ಸೋಲುಗಳ ಭಾರ ಹೊರದ ಊರಿನಿಂದ ಈ ಅಣ್ಣತಮ್ಮಂದಿರು ಬಂದಿದ್ದು ಕ್ಲೇರ್‌ಗೆ ಒಳ್ಳೇದೇ ಆಯಿತು ಅಂತ ನನ್ನ ಅನಿಸಿಕೆ. ಇದನ್ನು ಸಾಬೀತು ಮಾಡಲು ಆಗುವುದಿಲ್ಲ. ಬಿಡ್ಡಿ ಅರ್ಲಿಯ ಶಾಪ ವಿಮಾನ ನಿಲ್ದಾಣದ ಪಕ್ಕದ ಊರಿಗೆ ಅಷ್ಟಾಗಿ ತಟ್ಟಲಿಲ್ಲವೇನೋ.

1995ರ ವಸಂತದಲ್ಲಿ ನ್ಯಾಷನಲ್ ಲೀಗ್ ಫೈನಲ್. ಕ್ಲೇರ್ ಮತ್ತೆ ಸೋತಿತು, ಈ ಸಲ ಕಿಲ್ಕೆನ್ನಿ ಎದುರು, 0-9ಕ್ಕೆ 2-12. ಆದರೆ ಪಂದ್ಯ ಮುಗಿದ ಮೇಲೆ ಲಾಕ್‌ನೇನ್ ನಾವು ಮನ್‌ಸ್ಟರ್ ಗೆಲ್ಲುತ್ತೇವೆ ಅಂದುಬಿಟ್ಟರು. ಕೇಳಿದವರು ಹೆಚ್ಚೇನೂ ನಂಬಲಿಲ್ಲ.

ಜೂನ್‌ನಲ್ಲಿ ಕಾರ್ಕ್ ಎದುರು ಮನ್‌ಸ್ಟರ್ ಸೆಮಿಫೈನಲ್. ಶಾನಿ ಮೆಕ್‌ಮಾನ್ ಕೊರಳೆಲುಬು ಮುರಿಯಿತು. ಬದಲಿ ಆಟಗಾರರ ಲೆಕ್ಕ ಮುಗಿದಿತ್ತು. ಅವರು ಹೊರಗೆ ಹೋಗಲಿಲ್ಲ, ಒಂದು ಕೈ ಜೋತುಬಿಟ್ಟುಕೊಂಡು ಫಾರ್ವರ್ಡ್ ಮೂಲೆಯಲ್ಲಿ ನಿಂತರು. ಆ ಸ್ಥಿತಿಯಲ್ಲೇ ಎದುರಾಳಿಯನ್ನು ಕಾಡಿ ಸೈಡ್‌ಲೈನ್ ಚೆಂಡು ಗಳಿಸಿಕೊಟ್ಟರು. ಅದರಿಂದಲೇ ಒಲಿ ಬೇಕರ್ ಗೋಲ್ ಬಂತು. ಕ್ಲೇರ್ 2-13, ಕಾರ್ಕ್ 3-9. ಒಂದು ಪಾಯಿಂಟಿನ ಗೆಲುವು. ಇಂಥ ಪಂದ್ಯಗಳನ್ನು ಕ್ಲೇರ್ ಯಾವಾಗಲೂ ಸೋಲುತ್ತಿತ್ತು.

ಜುಲೈಯಲ್ಲಿ ಥರ್ಲ್ಸ್ ಊರಿನಲ್ಲಿ ಮನ್‌ಸ್ಟರ್ ಫೈನಲ್, ಎದುರು ಲಿಮರಿಕ್. ಹೋದ ವರ್ಷ ಆಲ್ ಐರ್ಲೆಂಡ್ ಫೈನಲ್ ಆಡಿದ ತಂಡ. ಡೇವಿ ಫಿಟ್ಜ್‌ಜೆರಾಲ್ಡ್ ತಮ್ಮ ಗೋಲ್ ಬಿಟ್ಟು ಆ ತುದಿಗೆ ಹೋಗಿ ಪೆನಾಲ್ಟಿ ಹೊಡೆದು, ಪ್ರಾಣ ಹೋಗುವ ಹಾಗೆ ವಾಪಸ್ ಓಡಿ ಬಂದಿದ್ದು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ಇಷ್ಟವಾಗುವುದು ಇನ್ನೊಂದು ಕಡೆಯ ಅಂಕಿ: ಲಿಮರಿಕ್ 0-11. ಗೋಲೇ ಇಲ್ಲ. ಎರಡನೇ ಅರ್ಧದಲ್ಲಿ ಲಿಮರಿಕ್ ಒಳಕ್ಕೆ ಕಳಿಸಿದ ಚೆಂಡೆಲ್ಲ ಹೋದಷ್ಟೇ ವೇಗವಾಗಿ ವಾಪಸ್ ಬರುತ್ತಿತ್ತು. ಕೆಂಪು ಹೆಲ್ಮೆಟ್ ಬರುವುದು, ಹಿಡಿಯುವುದು, ಹೊಡೆಯುವುದು. ಮತ್ತೆ ಬರುವುದು. ಒಂದು ಹಂತದ ಮೇಲೆ ಲಿಮರಿಕ್‌ನವರ ಮುಖದಲ್ಲಿ ಇನ್ನೆಲ್ಲಿಗೆ ಹೊಡೆಯೋಣ ಅನ್ನುವ ಗೊಂದಲ ಕಾಣುತ್ತದೆ. ಕ್ಲೇರ್ 1-17. ಮನ್‌ಸ್ಟರ್ ಕಪ್ 63 ವರ್ಷದ ಮೇಲೆ ಬಂತು.

ಸೆಪ್ಟೆಂಬರ್ 3ರಂದು ಕ್ರೋಕ್ ಪಾರ್ಕ್‌ನಲ್ಲಿ ಆಲ್ ಐರ್ಲೆಂಡ್ ಫೈನಲ್. ಎದುರು ಆಫಲಿ, ಹಿಂದಿನ ವರ್ಷದ ಚಾಂಪಿಯನ್. ಚೆಂದದ ಆಟ ಅಂತ ಇದನ್ನು ಯಾರೂ ಹೇಳಲಾರರು. ಎರಡೂ ಕಡೆ ತಪ್ಪುಗಳು, ನಡುಗುವ ಕೈಗಳು. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಮೈಕಲ್ ಡಿಗ್ನನ್ ಹೊಡೆದ ಚೆಂಡು ಡೇವಿ ಕೈ ತಪ್ಪಿ ಬಲೆ ಸೇರಿತು. ಎರಡನೇ ಅರ್ಧದಲ್ಲಿ ಜಾನಿ ಪಿಲ್ಕಿಂಗ್ಟನ್ ಇನ್ನೊಂದು ಗೋಲ್ ಹೊಡೆದರು. ಕೊನೆಯ ನಿಮಿಷಗಳಲ್ಲಿ ಡೇಲಿ ಹೊಡೆದ ಫ್ರೀ ಹೊಡೆತ ಕಂಬಕ್ಕೆ ಬಡಿದು ವಾಪಸ್ ಬಂತು. ಬದಲಿಯಾಗಿ ಬಂದಿದ್ದ ಎಮನ್ ಟಾಫ್ ಅದನ್ನು ಒಳಕ್ಕೆ ತಳ್ಳಿದರು. ಆಫಲಿ ಸಮ ಮಾಡಿತು. ಡೇಲಿ ಒಂದು 65 (65 ಮೀಟರ್ ಗೆರೆಯಿಂದ ಹೊಡೆಯುವ ಫ್ರೀ) ಹೊಡೆದು ಮುನ್ನಡೆ ತಂದರು, ಜೇಮ್ಸಿ ಒಕಾನರ್ ಇನ್ನೊಂದು ಸೇರಿಸಿದರು. 1-13ಕ್ಕೆ 2-8. 81 ವರ್ಷ!

ಆಫಲಿಯ ಆ 2-8 ಮೇಲೆ ಸ್ವಲ್ಪ ಕಣ್ಣಿಡಿ. ಡೂಲಿ ಅಣ್ಣತಮ್ಮಂದಿರು ಮೂವರು ಇದ್ದ ತಂಡ, ಐರ್ಲೆಂಡಿನ ಅತಿ ನಾಜೂಕಿನ ಕೈಗಳು. 70 ನಿಮಿಷದಲ್ಲಿ ಪಟ್ಟಿಯ ಮೇಲಿಂದ ಹೋಗಿದ್ದು ಎಂಟೇ ಎಂಟು. ವರ್ಷದ ಅತ್ಯುತ್ತಮ ಹರ್ಲರ್ ಯಾರು ಅಂದಾಗ ಪಾಯಿಂಟ್ ಹೊಡೆದವರನ್ನು ಬಿಟ್ಟು 3ನೇ ನಂಬರ್‌ಗೆ ಕೊಟ್ಟಿದ್ದು ಅದಕ್ಕೇ. ಫುಲ್ ಬ್ಯಾಕ್‌ಗೆ ಅದು ಸಿಗುವುದು ಸುಮ್ನೆ ಮಾತಲ್ಲ.

1996ರಲ್ಲಿ ಬೇಗ ಮುಗಿಯಿತು. ಲಿಮರಿಕ್‌ನ ಸಿಯಾರನ್ ಕೇರಿ ಕೊನೆಯ ನಿಮಿಷದಲ್ಲಿ ಮೈದಾನದ ಅರ್ಧ ಒಬ್ಬರೇ ಓಡಿ ಹೊಡೆದ ಪಾಯಿಂಟ್ ಕ್ಲೇರ್‌ನ್ನು ಹೊರಗೆ ಹಾಕಿತು. ಆದರೂ ಲೋಹನ್‌ಗೆ ಆಲ್ ಸ್ಟಾರ್ ಬಂತು.

1997ರ ಬೇಸಿಗೆ ನನ್ನ ಲೆಕ್ಕದಲ್ಲಿ 1995ಕ್ಕಿಂತ ದೊಡ್ಡದು. ಅತಿ ಹೆಚ್ಚು ಸಲ ಗೆದ್ದ ಮೂರು ಕೌಂಟಿಗಳು ಕಿಲ್ಕೆನ್ನಿ, ಕಾರ್ಕ್, ಟಿಪರೇರಿ. ಕ್ಲೇರ್ ಒಂದೇ ಬೇಸಿಗೆಯಲ್ಲಿ ಮೂವರನ್ನೂ ಸೋಲಿಸಿತು. ಟಿಪರೇರಿಯನ್ನಂತೂ ಎರಡು ಸಲ. ಸೋತ ತಂಡಕ್ಕೆ ಇನ್ನೊಂದು ದಾರಿ ಕೊಡುವ ನಿಯಮ ಅದೇ ವರ್ಷ ಬಂದಿತ್ತು. ಹಾಗಾಗಿ ಮನ್‌ಸ್ಟರ್ ಫೈನಲ್‌ನಲ್ಲಿ 1-18ಕ್ಕೆ 0-18ರಿಂದ ಸೋತ ಟಿಪರೇರಿ ಸೆಪ್ಟೆಂಬರ್‌ನಲ್ಲಿ ಆಲ್ ಐರ್ಲೆಂಡ್ ಫೈನಲ್‌ನಲ್ಲಿ ಮತ್ತೆ ಎದುರಿಗೆ ಬಂದು ನಿಂತಿತು. ಆ ಫೈನಲ್‌ನಲ್ಲಿ ಕ್ಲೇರ್ ಗೋಲನ್ನೇ ಹೊಡೆಯಲಿಲ್ಲ. 20 ಪಾಯಿಂಟ್. ಟಿಪರೇರಿ 2-13, ಅಂದರೆ 19. ಕೊನೆಗೆ ಜೇಮ್ಸಿ ಒಕಾನರ್ ಗೆಲುವಿನ ಪಾಯಿಂಟ್ ಹೊಡೆದರು, ಅದಾದ ಮೇಲೂ ಜಾನ್ ಲೀಹಿ ಹೊಡೆದ ಚೆಂಡನ್ನು ಡೇವಿ ತಡೆದರು. ಈ ಪಂದ್ಯವನ್ನು ಕೂತು ನೋಡಲು ಆಗುವುದಿಲ್ಲ, ಫಲಿತಾಂಶ ಗೊತ್ತಿದ್ದರೂ ಎದ್ದು ಓಡಾಡುತ್ತೇನೆ. ಲೋಹನ್‌ಗೆ ಸಾಲಾಗಿ ಮೂರನೇ ಆಲ್ ಸ್ಟಾರ್.

1998ರ ಬಗ್ಗೆ ಬರೆಯುವುದು ಕಷ್ಟ. ಆ ವರ್ಷ ಕ್ಲೇರ್ ನಾಲ್ಕು ವರ್ಷದಲ್ಲಿ ಮೂರನೇ ಸಲ ಗೆಲ್ಲುವ ಹಾಗಿತ್ತು. ವಾಟರ್‌ಫರ್ಡ್ ಎದುರು ಮನ್‌ಸ್ಟರ್ ಫೈನಲ್ ಸಮ ಆಯಿತು. ಮರುಪಂದ್ಯದಲ್ಲಿ ಕೋಲು, ಕೈ ಎಲ್ಲ ಮಿತಿ ಮೀರಿತು. ಲೋಹನ್ ಮತ್ತು ವಾಟರ್‌ಫರ್ಡ್‌ನ ಮಿಹಾಲ್ ವೈಟ್ ಇಬ್ಬರನ್ನೂ ರೆಫರಿ ಹೊರಗೆ ಕಳಿಸಿದರು. ಕ್ಲೇರ್ 2-16ಕ್ಕೆ 0-10ರಿಂದ ಗೆದ್ದಿತು. ಆದರೆ ಆ ದಿನ ನನಗೆ ಇಷ್ಟವಾಗುವುದಿಲ್ಲ. ಲೋಹನ್ ಆಟ ಚೆಂಡಿಗಾಗಿ ಓಡುವ ಆಟ. ಆ ದಿನ ಸಿಟ್ಟು ಚೆಂಡಿಗಿಂತ ಮುಂದೆ ಓಡಿತು. ಅಭಿಮಾನಿ ಆದ ಮಾತ್ರಕ್ಕೆ ಇದನ್ನು ಮುಚ್ಚಿಡಬಾರದು.

ಆಮೇಲೆ ಆದದ್ದು ಹರ್ಲಿಂಗ್ ಇತಿಹಾಸದ ವಿಚಿತ್ರ. ಆಫಲಿ ಎದುರು ಆಲ್ ಐರ್ಲೆಂಡ್ ಸೆಮಿಫೈನಲ್ ಸಮ. ಮರುಪಂದ್ಯದಲ್ಲಿ ಕ್ಲೇರ್ ಮೂರು ಪಾಯಿಂಟ್ ಮುಂದಿದ್ದಾಗ ರೆಫರಿ ಜಿಮಿ ಕೂನಿ ಎರಡು ನಿಮಿಷ ಮೊದಲೇ ಕೊನೆಯ ಸೀಟಿ ಊದಿಬಿಟ್ಟರು. ಆಫಲಿ ಅಭಿಮಾನಿಗಳು ಕ್ರೋಕ್ ಪಾರ್ಕ್ ಹುಲ್ಲಿನ ಮೇಲೆ ಕೂತು ಏಳಲಿಲ್ಲ. ಮೂರನೇ ಸಲ ಆಡಿಸಿದರು, ಥರ್ಲ್ಸ್‌ನಲ್ಲಿ. ಆಫಲಿ 0-16ಕ್ಕೆ 0-13ರಿಂದ ಗೆದ್ದಿತು, ಮುಂದೆ ಆಲ್ ಐರ್ಲೆಂಡನ್ನೂ ಗೆದ್ದಿತು. ಆ ಎರಡು ನಿಮಿಷದ ಮಾತು ಕ್ಲೇರ್‌ನಲ್ಲಿ ಇನ್ನೂ ಮುಗಿದಿಲ್ಲ. ನನಗೆ ಅನ್ನಿಸುವುದು, ಮರುಪಂದ್ಯ ಆಡಿಸಿದ್ದು ಸರಿಯೇ. ಇದನ್ನು ಇಲ್ಲಿ ಜೋರಾಗಿ ಹೇಳುವುದಿಲ್ಲ.

ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲಿಸುತ್ತಾರೆ. ಗೆದ್ದ ವರ್ಷಗಳು ಮುಗಿದವಲ್ಲ. ಆದರೆ ಲೋಹನ್ ಇನ್ನೂ ಎಂಟು ಬೇಸಿಗೆ ಆಡಿದರು. ಒಂದೂ ಪದಕ ಬರಲಿಲ್ಲ. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಈ ವರ್ಷಗಳನ್ನು ನೋಡಿದ ಮೇಲೆ.

ಯಾಕೆ ಅಂದರೆ, ಮುಂದೆ ಓಡುವ ಫುಲ್ ಬ್ಯಾಕ್‌ಗೆ ವಯಸ್ಸು ದೊಡ್ಡ ಶತ್ರು. ಹಿಂದೆ ನಿಂತು ತಡೆಯುವವನು ಮೂವತ್ತು ದಾಟಿದ ಮೇಲೂ ಭುಜದ ಬಲದಲ್ಲಿ ನಡೆಸಿಕೊಂಡು ಹೋಗಬಹುದು. ಓಡುವವನಿಗೆ ಅರ್ಧ ಹೆಜ್ಜೆ ಕಡಿಮೆಯಾದರೂ ಸಾಕು, ಬಯಲಲ್ಲಿ ಸಿಕ್ಕಿಬೀಳುತ್ತಾನೆ. ಬಹಳ ಜನ ಆ ವಯಸ್ಸಿಗೆ ಆಟ ಬದಲಿಸುತ್ತಾರೆ, ಹಿಂದೆ ಸರಿಯುತ್ತಾರೆ. ಲೋಹನ್ ಸರಿಯಲಿಲ್ಲ. ಕಾಲು ಕೊಡದ ಅರ್ಧ ಹೆಜ್ಜೆಯನ್ನು ಕಣ್ಣಿನಿಂದ ತುಂಬಿಕೊಂಡರು. ಇನ್ನೂ ಬೇಗ ಓದಿದರು, ಇನ್ನೂ ಬೇಗ ಹೊರಟರು.

2002ರಲ್ಲಿ ಕ್ಲೇರ್ ಸುತ್ತಿಬಳಸಿ ಮತ್ತೆ ಆಲ್ ಐರ್ಲೆಂಡ್ ಫೈನಲ್‌ಗೆ ಬಂತು. ಎದುರು ಕಿಲ್ಕೆನ್ನಿ, ಅವರಲ್ಲಿ ಡಿ.ಜೆ. ಕೇರಿ ಮತ್ತು ಯುವಕ ಹೆನ್ರಿ ಶೆಫ್ಲಿನ್. ಇಬ್ಬರೇ ಸೇರಿ 2-13 ಹೊಡೆದರು. ಕ್ಲೇರ್ 0-19, ಕಿಲ್ಕೆನ್ನಿ 2-20. ಏಳು ಪಾಯಿಂಟಿನ ಸೋಲು. ಆ ಇಬ್ಬರ ಎದುರು ಆ ದಿನ ಯಾರೇ ನಿಂತಿದ್ದರೂ ಅಷ್ಟೇ. ಆ ವರ್ಷ ಲೋಹನ್‌ಗೆ ನಾಲ್ಕನೇ ಆಲ್ ಸ್ಟಾರ್ ಬಂತು, ಮೂರನೆಯದು ಬಂದ ಐದು ವರ್ಷದ ಮೇಲೆ. ಫೈನಲ್ ಸೋತ ತಂಡದ ಫುಲ್ ಬ್ಯಾಕ್‌ಗೆ.

ಇನ್ನು 2005. ಮ್ಯಾನೇಜರ್ ಈಗ ಆಂಥನಿ ಡೇಲಿ, ಹಳೇ ನಾಯಕ, ಪಕ್ಕದಲ್ಲೇ ಆಡಿದವರು. ಆಗಸ್ಟ್‌ನಲ್ಲಿ ಆಲ್ ಐರ್ಲೆಂಡ್ ಸೆಮಿಫೈನಲ್, ಎದುರು ಕಾರ್ಕ್, ಹಿಂದಿನ ವರ್ಷದ ಚಾಂಪಿಯನ್. ಕಾರ್ಕ್‌ನ ಫುಲ್ ಫಾರ್ವರ್ಡ್ ಬ್ರಯನ್ ಕಾರ್ಕರನ್. ಅವರೂ ಮೊದಲು ದೊಡ್ಡ ಡಿಫೆಂಡರ್ ಆಗಿದ್ದವರು, ಆಟ ಬಿಟ್ಟು ಹೋಗಿ ಮತ್ತೆ ಬಂದು ಫಾರ್ವರ್ಡ್ ಆದವರು. ಡಿಫೆಂಡರ್ ತಲೆಯಲ್ಲಿ ಏನು ಓಡುತ್ತದೆ ಅಂತ ಅವರಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು? ಲೋಹನ್‌ಗೆ ಆಗ 33. ಒಂದರ ಹಿಂದೆ ಒಂದು ಚೆಂಡು ಬಂತು. ಎತ್ತರದ್ದು, ತಗ್ಗಿನದ್ದು, ಪಕ್ಕಕ್ಕೆ ಸಿಡಿದದ್ದು. ಮತ್ತೆ ಮತ್ತೆ ಕೆಂಪು ಹೆಲ್ಮೆಟ್ಟೇ ಮೊದಲು. ಕೊನೆಗೆ ಕಾರ್ಕ್ ಕಾರ್ಕರನ್‌ರನ್ನೇ ಹೊರಗೆ ಕರೆಸಿಕೊಂಡಿತು. ಚಾಂಪಿಯನ್ ತಂಡ, ಸೆಮಿಫೈನಲ್‌ನ ನಡುವೆ, ತನ್ನ ದೊಡ್ಡ ಆಟಗಾರನನ್ನು ಹೊರಗೆ ಕೂರಿಸುವುದು ಅಂದರೆ ಅದು ಎದುರಾಳಿ ಫುಲ್ ಬ್ಯಾಕ್‌ಗೆ ಮಾಡಿದ ನಮಸ್ಕಾರ.

ಆದರೆ ಆ ಬದಲಾವಣೆಯೇ ಕಾರ್ಕ್‌ನ ಉಳಿಸಿತು. ಮುಂದಿದ್ದ ಕ್ಲೇರ್ ಕೊನೆಯಲ್ಲಿ ಸುಸ್ತಾಯಿತು. 0-16ಕ್ಕೆ 0-15. ಒಂದು ಪಾಯಿಂಟ್. ಕಾರ್ಕ್ ಮುಂದೆ ಹೋಗಿ ಕಪ್ ಗೆದ್ದಿತು. ಕಾರ್ಕ್ ಒಂದೂ ಗೋಲ್ ಹೊಡೆದಿರಲಿಲ್ಲ ಅನ್ನುವುದನ್ನು ನಾನು ಮತ್ತೆ ಮತ್ತೆ ನೋಡಿಕೊಳ್ಳುತ್ತೇನೆ. ಫುಲ್ ಬ್ಯಾಕ್‌ನಿಂದ ಇದಕ್ಕಿಂತ ಇನ್ನೇನು ಕೇಳುವುದು? ಕೆಲಸ ಪೂರ್ತಿ ಮಾಡಿದ ದಿನವೂ ಸೋಲು ಬರುತ್ತದೆ.

2006ರಲ್ಲಿ ಮತ್ತೆ ಸೆಮಿಫೈನಲ್, ಮತ್ತೆ ಕಿಲ್ಕೆನ್ನಿ, ಮತ್ತೆ ಸೋಲು. ಆ ವರ್ಷ ಲೋಹನ್ ಕೌಂಟಿ ಆಟ ಬಿಟ್ಟರು.

ಮ್ಯಾನೇಜರ್ ಆಗಿ ಅವರ ಕಥೆ ಬೇರೆಯೇ ಬರಹ ಆಗಬೇಕು, ಇಲ್ಲಿ ಬರೀ ಗೆರೆ ಎಳೆಯುತ್ತೇನೆ. ಲಿಮರಿಕ್ ವಿಶ್ವವಿದ್ಯಾಲಯದ ತಂಡದೊಂದಿಗೆ 2015 ಮತ್ತು 2018ರಲ್ಲಿ ಕಾಲೇಜು ತಂಡಗಳ ಫಿಟ್ಜ್‌ಗಿಬನ್ ಕಪ್. 2019ರ ಕೊನೆಗೆ ಕ್ಲೇರ್ ಜವಾಬ್ದಾರಿ. 2022, 2023, 2024, ಮೂರು ವರ್ಷ ಸಾಲಾಗಿ ಮನ್‌ಸ್ಟರ್ ಫೈನಲ್‌ನಲ್ಲಿ ಲಿಮರಿಕ್ ಎದುರು ಸೋಲು. 2022, 2023ರಲ್ಲಿ ಸೆಮಿಫೈನಲ್‌ನಲ್ಲಿ ಕಿಲ್ಕೆನ್ನಿ ಎದುರು ಸೋಲು. ಆಮೇಲೆ 2024ರ ಜುಲೈ 21, ಕಾರ್ಕ್ ಎದುರು ಹೆಚ್ಚುವರಿ ಸಮಯಕ್ಕೆ ಹೋದ ಫೈನಲ್, 3-29ಕ್ಕೆ 1-34. ಮತ್ತೆ ಒಂದೇ ಪಾಯಿಂಟ್, ಈ ಸಲ ಕ್ಲೇರ್ ಕಡೆಗೆ. ಶ್ಯಾನನ್‌ನಲ್ಲಿ ಆ ರಾತ್ರಿ ಕಾರುಗಳ ಹಾರ್ನ್ ನಿಲ್ಲಲಿಲ್ಲ.

ಹರ್ಲಿಂಗ್ ನೋಡಿಯೇ ಇಲ್ಲದವರು 2024ರ ಆ ಫೈನಲ್‌ನಿಂದ ಶುರು ಮಾಡಬಹುದು, ವೇಗ ಜಾಸ್ತಿ, ಸ್ಕೋರೂ ಜಾಸ್ತಿ. ಆದರೆ ಲೋಹನ್ ಆಡಿದ್ದು ಹೇಗೆ ಅಂತ ನೋಡಬೇಕಾದರೆ 1995ರ ಮನ್‌ಸ್ಟರ್ ಫೈನಲ್‌ನ ಎರಡನೇ ಅರ್ಧ, ಮತ್ತು 2005ರ ಕಾರ್ಕ್ ಪಂದ್ಯ. ಎರಡರಲ್ಲಿ ಒಂದೇ ನೋಡಲು ಪುರುಸೊತ್ತು ಇದ್ದರೆ 2005ರದ್ದು ನೋಡಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ನೀವು ಹೋಗಬೇಡಿ. ಪರದೆಯ ತುದಿಯಲ್ಲಿ ಕೆಂಪು ಹೆಲ್ಮೆಟ್ ಯಾವಾಗ ಹೊರಡುತ್ತದೆ ಅಂತ ನೋಡುತ್ತಿರಿ.